ಗಡಿಗುಡ್ಡದ ಬಂಡೆ ಮತ್ತು ಸಣ್ಣವರು

ಮಸ್ಕಿ ಅಂದರೆ ಅಶೋಕ. ಶಾಲೆಯ ಪುಸ್ತಕದಾಗ ಇರೋದು ಇಷ್ಟೇ. ಒಂದು ಮಾರ್ಕಿನ ಪ್ರಶ್ನೆ, ಒಂದು ಸಾಲಿನ ಉತ್ತರ. ಲಿಂಗಸುಗೂರು, ಸಿಂಧನೂರು, ಮಸ್ಕಿ ಕಡೆಯ ಎಷ್ಟೋ ಹುಡುಗರು ಈ ಉತ್ತರ ಬರೆದು ಪಾಸಾಗಿದ್ದಾರೆ. ಆದರೆ ಆ ಗುಡ್ಡ ಎರಡು ಸಾವಿರ ವರ್ಷ ಏನೇನು ಕಂಡಿತು, ಅದರ ಬುಡದಾಗ ಬದುಕಿದ ಮಂದಿ ಯಾರಿಗಾಗಿ ಸತ್ತರು, ಬಂಡೆಯ ಮೇಲೆ ಅಶೋಕನ ಹೆಸರಿನ ಜೊತೆಗೆ ಬರೆದ ಉಳಿದ ಮಾತು ಏನು ಎಂಬುದನ್ನು ಯಾವ ಮಾಸ್ತರೂ ಹೇಳಲಿಲ್ಲ. ಅವರಿಗೂ ಯಾರೂ ಹೇಳಿರಲಿಲ್ಲ. ಆದ್ದರಿಂದ ಈ ಮಾತು ನಾವೇ ಆಡಬೇಕಾಗಿದೆ.

ಮೊದಲು ನೆಲದ ಮಾತು. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ನಡುವೆ ನಮ್ಮ ಸೀಮೆ. ಹಳೆಯ ಶಾಸನಗಳು ಇದನ್ನು ಎಡೆದೊರೆ ನಾಡು ಎಂದು ಕರೆದವು. ಎರಡು ಹೊಳೆಗಳ ಎಡೆಯ ನಾಡು. ಆಮೇಲೆ ಬಂದ ದೊರೆಗಳು ದೋಆಬ್ ಅಂದರು. ಉತ್ತರದ ದೊರೆ ಬಲಿಷ್ಠನಾದಾಗ ಅವನ ರಾಜ್ಯ ತುಂಗಭದ್ರೆಯವರೆಗೆ ಬಂತು. ದಕ್ಷಿಣದ ದೊರೆ ಬಲಿಷ್ಠನಾದಾಗ ಅವನದು ಕೃಷ್ಣೆಯವರೆಗೆ ಹೋಯಿತು. ಗಡಿ ಒಂದು ಹೊಳೆಯಿಂದ ಇನ್ನೊಂದು ಹೊಳೆಗೆ ಜಿಗಿಯುತ್ತಿತ್ತು. ನಡುವೆ ನಿಂತ ಮಸ್ಕಿಯ ದುರ್ಗದ ಗುಡ್ಡ ಇದ್ದಲ್ಲೇ ಇದ್ದು ಇವತ್ತು ಈ ದೇಶ, ನಾಳೆ ಆ ದೇಶ ಆಗುತ್ತಿತ್ತು. ಗುಡ್ಡಕ್ಕೆ ಇದರಿಂದ ಬಾಧೆ ಇಲ್ಲ. ಗುಡ್ಡದ ಬುಡದಾಗ ಜೋಳ ಬಿತ್ತಿದವನಿಗೆ ಇತ್ತು.

ಇನ್ನು ಬಂಡೆಯ ಮಾತು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಈ ಗುಡ್ಡದಾಗ ತಿರುಗಾಡುತ್ತಿದ್ದ. ಅವನು ಹುಡುಕುತ್ತಿದ್ದುದು ಬುದ್ಧನನ್ನಲ್ಲ, ಅಶೋಕನನ್ನೂ ಅಲ್ಲ, ಬಂಗಾರವನ್ನು. ಬಂಡೆಯ ಗವಿಯೊಂದರಲ್ಲಿ ಅಕ್ಷರ ಕಂಡವು. ಎಚ್. ಕೃಷ್ಣಶಾಸ್ತ್ರಿಗಳು ಓದಿದರು. ಹೈದರಾಬಾದ್ ಸರ್ಕಾರದ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಅದೇ ವರ್ಷ ಅಚ್ಚಾಯಿತು. ಅದಕ್ಕೂ ಮುಂಚೆ 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ್ದ. ಆಗ ಎಲ್ಲ ಬಂಡೆ, ಕಂಬಗಳ ಮೇಲೆ ಸಿಕ್ಕದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ. ಸಿಂಹಳದ ಬೌದ್ಧ ಗ್ರಂಥಗಳನ್ನು ನೋಡಿ ಟರ್ನರ್ ಎಂಬಾತ, ಈ ಪ್ರಿಯದರ್ಶಿ ಅಶೋಕನೇ ಇರಬೇಕು ಅಂದಿದ್ದ. ಆ ಮಾತಿಗೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು ಮಸ್ಕಿಯಲ್ಲಿ. ಇಲ್ಲಿ ಬಿರುದಿನ ಜೊತೆಗೆ ಹೆಸರೂ ಇತ್ತು.

ಮೇಷ್ಟ್ರುಗಳಿಗೆ ಒಂದು ಮಾತು: ಅಶೋಕನ ಹೆಸರು ಇರೋದು ಮಸ್ಕಿಯೊಂದರಲ್ಲೇ ಎಂದು ಈಗ ಹೇಳಿಕೊಡಬಾರದು. ಮಧ್ಯಪ್ರದೇಶದ ಗುಜರ್ರಾದಲ್ಲಿ ಸಿಕ್ಕಿದೆ. ತುಂಗಭದ್ರೆಯ ಆಚೆ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೊಳಗಳಲ್ಲೂ 1970ರ ದಶಕದಲ್ಲಿ ಸಿಕ್ಕಿದೆ. ಮೊದಲು ಸಿಕ್ಕ ಹಿರಿಮೆ ಮಸ್ಕಿಯದು, ಅಷ್ಟೇ.

ಆದರೆ ನಮ್ಮ ಜಗಳ ಹೆಸರಿನ ಬಗ್ಗೆ ಅಲ್ಲ. ಹೆಸರು ಸಿಕ್ಕ ಸಂತೋಷದಲ್ಲಿ ಪಂಡಿತರು ಕುಣಿದರು, ಆ ಹೆಸರಿನ ಕೆಳಗಿದ್ದ ಮಾತು ಪಾಠಪುಸ್ತಕಕ್ಕೆ ಬರಲೇ ಇಲ್ಲ. ಏನದು? ಅಶೋಕ ತಾನು ಬುದ್ಧನ ಅನುಯಾಯಿ ಅನ್ನುತ್ತಾನೆ. ಎರಡೂವರೆ ವರ್ಷದಿಂದ ಹೀಗಿದ್ದೇನೆ, ಸಂಘದ ಹತ್ತಿರ ಹೋದ ಮೇಲೆ ಹೆಚ್ಚು ಶ್ರಮಪಟ್ಟೆ ಅನ್ನುತ್ತಾನೆ. ಆಮೇಲೆ ಬರುತ್ತದೆ ಮುಖ್ಯ ಮಾತು. ಧಮ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಫಲ ಪಡೆಯಬಹುದು. ದೊಡ್ಡವನಿಗೆ ಮಾತ್ರ ಇದು ಸಿಗುವಂಥದ್ದು ಎಂದು ತಿಳಿಯಬಾರದು. ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬುದು ಅದರ ಅರ್ಥ. ಸಣ್ಣವನಿಗೆ ಅಲ್ಲಿರುವ ಶಬ್ದ ‘ಖುದಕ’. ಸಂಸ್ಕೃತದ ಕ್ಷುದ್ರಕ. ಕ್ಷುದ್ರ ಅಂದರೆ ಈಗ ನಾವು ಬೈಗುಳಕ್ಕೆ ಬಳಸುವ ಶಬ್ದ, ನೋಡಿರಿ. ಆ ಶಬ್ದವನ್ನು ಬಂಡೆಯ ಮೇಲೆ ದೊಡ್ಡವನ ಸಮಕ್ಕೆ ಕೂರಿಸಿ ಕೊರೆಸಿದ್ದಾನೆ. ಹುಟ್ಟಿನಿಂದಲೇ ಮೋಕ್ಷದ ಗುತ್ತಿಗೆ ಹಿಡಿದವರು ಇದ್ದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಬ್ರಹ್ಮಗಿರಿಯ ಬಂಡೆಯಲ್ಲಿ ಇನ್ನೊಂದು ಸೇರಿಕೊಂಡಿದೆ: ಗಡಿಯಲ್ಲಿರುವವರಿಗೂ ಇದು ತಿಳಿಯಲಿ ಎಂದು.

ಹಾಗಂತ ಅಶೋಕನನ್ನು ಹೆಗಲ ಮೇಲೆ ಹೊತ್ತು ಮೆರೆಸುವ ಭಕ್ತಿ ನಮಗೆ ಬೇಡ. ಕಳಿಂಗದಲ್ಲಿ ಲಕ್ಷ ಮಂದಿ ಸತ್ತರೆಂದು ಅತ್ತ ಅದೇ 13ನೇ ಶಾಸನದಲ್ಲಿ ಕಾಡಿನ ಜನರಿಗೆ ಎಚ್ಚರಿಕೆ ಕೊಡುತ್ತಾನೆ, ದೊರೆಗೆ ಪಶ್ಚಾತ್ತಾಪವಾಗಿದ್ದರೂ ಶಿಕ್ಷಿಸುವ ಬಲ ಇದೆ ಎಂದು. ದೊರೆ ಎಂದರೆ ದೊರೆಯೇ. ಇನ್ನೊಂದು ಸಂಗತಿ: ಮಸ್ಕಿಯ ಬರಹ ಪ್ರಾಕೃತದಲ್ಲಿದೆ. ಆಗ ಈ ಸೀಮೆಯ ದನ ಕಾಯುವವನು, ಕಲ್ಲು ಒಡೆಯುವವನು ಪ್ರಾಕೃತ ಓದುತ್ತಿದ್ದನೇ? ಇಲ್ಲ. ಸಣ್ಣವನ ಮಾತನ್ನು ಸಣ್ಣವನಿಗೆ ಬಾರದ ಭಾಷೆಯಲ್ಲಿ ಬರೆದದ್ದು ಇಂದಿಗೂ ನಡೆದಿರುವ ಸರ್ಕಾರಿ ಪದ್ಧತಿ! ಹಾಗಾದರೆ ಮಾತು ಅವನಿಗೆ ಮುಟ್ಟಿದ್ದು ಹ್ಯಾಂಗ? ಇದಕ್ಕೆ ಉತ್ತರ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಯಲ್ಲಿದೆ. ಅಲ್ಲಿ ದೊರೆಯ ಅಧಿಕಾರಿಗಳು ಭೇರಿ ಬಾರಿಸಿ ಜನಪದಕ್ಕೆ ಸಾರಬೇಕೆಂಬ ಆಜ್ಞೆ ಇದೆ. ಭೇರಿ ಬಾರಿಸಿದ ಕೈ ಯಾರದು ಎಂದು ಬಂಡೆ ಹೇಳುವುದಿಲ್ಲ. ನಮ್ಮ ಊರುಗಳಲ್ಲಿ ಡಂಗುರ ಸಾರುವ ಹಲಗೆ ಯಾವ ಕೇರಿಯಿಂದ ಬಂತು ಎಂಬುದು ಮಾತ್ರ ಎಲ್ಲರಿಗೂ ಗೊತ್ತು.

ಅಶೋಕನಿಗಿಂತ ಮುಂಚೆ ಇಲ್ಲಿ ಯಾರೂ ಇರಲಿಲ್ಲವೇನೋ ಎಂಬಂತೆ ಚರಿತ್ರೆ ಶುರುವಾಗುತ್ತದೆ. ಅದು ಸುಳ್ಳು. ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಮಸ್ಕಿಯ ಸುತ್ತ ಹಳೆಯ ಕಾಲದ ಕುರುಹುಗಳನ್ನು ಗುರುತಿಸಿದ್ದ. 1954ರಲ್ಲಿ ಬಿ.ಕೆ. ಥಾಪರ್ ಅಗೆದಾಗ ಒಂದರ ಕೆಳಗೊಂದು ನಾಲ್ಕು ಕಾಲದ ನೆಲೆ ಸಿಕ್ಕವು. ಕೆಳಗೆ ಕಲ್ಲಿನ ಕೊಡಲಿಯ ಮಂದಿ, ಅವರ ಮೇಲೆ ಕಬ್ಬಿಣ ಬಲ್ಲ, ಕಲ್ಲುಗೋರಿ ಕಟ್ಟುವ ಮಂದಿ, ಆಮೇಲೆ ಅಶೋಕ ಮತ್ತು ಶಾತವಾಹನರ ಕಾಲ, ಕಡೆಗೆ ಮಧ್ಯಯುಗ. 2010ರ ನಂತರ ಜೋಹಾನ್ಸೆನ್ ಮತ್ತು ಬಾವರ್ ಎಂಬ ವಿದ್ವಾಂಸರು ಅರಸರನ್ನು ಬಿಟ್ಟು ಇಲ್ಲಿಯ ವಸತಿ, ಹೊಲ, ನೀರು, ಕಬ್ಬಿಣ ಕೆಲಸಗಳ ಜಾಡು ಹಿಡಿದು ಗುಡ್ಡ ಸುತ್ತಿದ್ದಾರೆ. ಹೀಗೆ ಹೆಸರಿಲ್ಲದವರ ಚರಿತ್ರೆ ಸ್ವಲ್ಪ ಸ್ವಲ್ಪ ಮೇಲೆ ಬರುತ್ತಿದೆ.

ಲಿಂಗಸುಗೂರು ತಾಲೂಕಿನ ಹಟ್ಟಿಯನ್ನೂ ಇಲ್ಲೇ ನೆನೆಯಬೇಕು. ಆ ಗಣಿಯಲ್ಲಿ ಸಿಕ್ಕ ಹಳೆಯ ಮರದ ತುಂಡನ್ನು ಪರೀಕ್ಷೆ ಮಾಡಿದರೆ ಸುಮಾರು 2000 ವರ್ಷ ಹಿಂದಿನದು ಅಂತ ಬಂತು. ಹಳೆಯ ಕಾಲದವರು 600 ಅಡಿಗೂ ಆಳಕ್ಕೆ ಇಳಿದಿದ್ದರು. ಯಂತ್ರ ಇಲ್ಲ, ಮದ್ದು ಇಲ್ಲ. ಬಂಡೆಗೆ ಬೆಂಕಿ ಹಚ್ಚಿ ಕಾಯಿಸುವುದು, ನೀರು ಸುರಿದು ಬಿರಿಯಿಸುವುದು, ಬಿರಿದದ್ದನ್ನು ಕೆತ್ತಿ ಹೊರಗೆ ಹೊರುವುದು. ಆ ಹೊಗೆಯೊಳಗೆ ಇಳಿದವರು ದೊಡ್ಡವರ ಮಕ್ಕಳಾಗಿರಲು ಸಾಧ್ಯವಿಲ್ಲ. ದೊರೆಗಳು ಎಡೆದೊರೆಗಾಗಿ ಯಾಕೆ ಕಚ್ಚಾಡಿದರು ಎಂದು ಕೇಳಿದರೆ ಪುಸ್ತಕಗಳು ಧರ್ಮ, ಕೀರ್ತಿ, ಹೆಣ್ಣು ಎಂದೆಲ್ಲ ಹೇಳುತ್ತವೆ. ಎರಡು ಹೊಳೆಯ ನಡುವಿನ ಕರಿನೆಲ ಮತ್ತು ಅದರಡಿಯ ಬಂಗಾರ, ಇವೆರಡನ್ನು ಬಿಟ್ಟು ಉಳಿದ ಕಾರಣ ಹುಡುಕುವುದು ಕಣ್ಣುಕಟ್ಟು.

1021ರ ಸುಮಾರಿಗೆ ತಮಿಳು ದೇಶದ ರಾಜೇಂದ್ರ ಚೋಳ ಈ ಕಡೆ ನುಗ್ಗಿದ. ಮುಯಂಗಿ ಎಂಬಲ್ಲಿ ಚಾಲುಕ್ಯ ಜಯಸಿಂಹನನ್ನು ಓಡಿಸಿದೆ ಎಂದು ತಮಿಳು ಶಾಸನ ಕೊಚ್ಚಿಕೊಳ್ಳುತ್ತದೆ. ಮಸ್ಕಿಯ ಹಳೆಯ ಶಾಸನಗಳಲ್ಲಿ ಊರಿನ ಹೆಸರು ಪಿರಿಯ ಮೊಸಂಗಿ ಎಂದಿದೆ. ಆದ್ದರಿಂದ ಆ ಕಾಳಗ ನಡೆದದ್ದು ಇಲ್ಲಿ ಎಂದು ಹಲವು ಚರಿತ್ರಕಾರರ ಮತ. ಕೆಲವರು ಒಪ್ಪುವುದಿಲ್ಲ. ಆ ಚರ್ಚೆ ಇರಲಿ. ತಮಾಷೆ ಎಂದರೆ ಜಯಸಿಂಹನ 1024ರ ತಾಮ್ರಪಟ ತಾನೇ ಚೋಳನನ್ನು ಸೋಲಿಸಿದೆ ಅನ್ನುತ್ತದೆ. ಇಬ್ಬರೂ ಗೆದ್ದಿದ್ದಾರೆ! ಸೋತವರು ಯಾರು ಎಂದು ತಾಮ್ರಪಟದಲ್ಲಿ ಬರೆಯುವ ರೂಢಿ ಇರಲಿಲ್ಲ.

ಆಮೇಲೆ ಗುಲಬರ್ಗಾದ ಬಹಮನಿ, ಹಂಪಿಯ ವಿಜಯನಗರ. ಎರಡು ನೂರು ವರ್ಷ ಈ ಎರಡು ರಾಜ್ಯಗಳ ನಡುವೆ ನಮ್ಮ ಸೀಮೆ ಚೆಂಡಾಯಿತು. ಲಿಂಗಸುಗೂರು ತಾಲೂಕಿನ ಮುದಗಲ್ ಕೋಟೆ ಎಷ್ಟು ಸಲ ಕೈ ಬದಲಾಯಿಸಿತೋ ಲೆಕ್ಕ ಇಡುವುದು ಕಷ್ಟ. 1366ರ ಯುದ್ಧದ ಕಾರಣ ಕೇಳಿರಿ. ಬಹಮನಿ ಮಹಮ್ಮದ್ ಷಾ ಗಾಯಕರ ಹಾಡು ಕೇಳಿ ಮೆಚ್ಚಿ, ಇವರಿಗೆ ವಿಜಯನಗರದ ಖಜಾನೆಯಿಂದ ಹಣ ಕೊಡಿ ಎಂದು ಬುಕ್ಕರಾಯನಿಗೆ ಚೀಟಿ ಕಳಿಸಿದ. ಬುಕ್ಕರಾಯ ಸಿಟ್ಟಾಗಿ ಹೊಳೆ ದಾಟಿ ಮುದಗಲ್ ಹಿಡಿದು ಕೋಟೆಯೊಳಗಿದ್ದವರನ್ನು ಕೊಲ್ಲಿಸಿದ. ಇದನ್ನು ಕೇಳಿ ಮಹಮ್ಮದ್ ಷಾ ಲಕ್ಷ ತಲೆ ತೆಗೆಯುವ ಆಣೆ ಹಾಕಿದ. ಹಾಡಿಗೆ ತಲೆದೂಗಿದ್ದು ದೊರೆ, ತಲೆ ಕೊಟ್ಟದ್ದು ಹಳ್ಳಿ. ಕಡೆಗೆ ಆಯುಧ ಇಲ್ಲದವರನ್ನು ಇನ್ನು ಮುಂದೆ ಕೊಲ್ಲುವುದಿಲ್ಲ ಎಂದು ಎರಡೂ ಕಡೆ ಮಾತುಕೊಟ್ಟರಂತೆ. ಇದನ್ನೆಲ್ಲ ಬರೆದವನು ಬಿಜಾಪುರದಲ್ಲಿದ್ದ ಫೆರಿಶ್ತಾ, ಎರಡು ನೂರು ವರ್ಷಗಳಾದ ಮೇಲೆ. ಅವನ ಅಂಕಿಗಳನ್ನು ಪೂರಾ ನಂಬಬೇಕಿಲ್ಲ. ಆದರೆ ನಿರಾಯುಧರನ್ನು ಕೊಲ್ಲಬಾರದು ಎಂದು ಕರಾರು ಮಾಡಿಕೊಳ್ಳಬೇಕಾದರೆ ಅಲ್ಲಿಯತನಕ ಏನು ನಡೆದಿತ್ತು ಎಂಬುದನ್ನು ಊಹಿಸಬಹುದು.

1406ರ ಕತೆಯೂ ಫೆರಿಶ್ತಾನದೇ. ಮುದಗಲ್ಲಿನ ಅಕ್ಕಸಾಲಿಗನ ಮಗಳು ಚೆಲುವೆ ಎಂದು ಕೇಳಿ ಒಂದನೇ ದೇವರಾಯ ಅವಳನ್ನು ತರಲು ದಂಡು ಕಳಿಸಿದ. ದಂಡು ಬರುತ್ತದೆಂಬ ಸುದ್ದಿಗೆ ಹುಡುಗಿಯ ಮನೆಯವರು ಊರು ಬಿಟ್ಟು ಓಡಿದರು. ಹುಡುಗಿ ಸಿಗದ ಸಿಟ್ಟಿಗೆ ದಂಡು ಸುತ್ತಲ ಹಳ್ಳಿಗಳನ್ನು ಕೊಳ್ಳೆ ಹೊಡೆಯಿತು. ಫಿರೋಜ್ ಷಾ ಅದನ್ನೇ ನೆಪ ಮಾಡಿಕೊಂಡು ಯುದ್ಧಕ್ಕೆ ಹೊರಟ. ನಮ್ಮ ಕಾದಂಬರಿಕಾರರು, ನಾಟಕದವರು ಆ ಚೆಲುವೆಯ ಕಣ್ಣು ವರ್ಣಿಸುತ್ತಾರೆ. ಸುಟ್ಟ ಹಳ್ಳಿಗಳಿಗೆ ಹೆಸರೂ ಉಳಿದಿಲ್ಲ.

ಇದು ಹಿಂದೂ-ಮುಸ್ಲಿಂ ಯುದ್ಧ ಎಂದು ಈಗ ಮತ್ತೆ ಭಾಷಣ ಶುರುವಾಗಿದೆ. ಎರಡನೇ ದೇವರಾಯ ತನ್ನ ಸೈನ್ಯಕ್ಕೆ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡದ್ದನ್ನು ಈ ಭಾಷಣಕಾರರು ಹೇಳುವುದಿಲ್ಲ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲಷಾಹನ ರಾಯಚೂರನ್ನು ಮುತ್ತಿದಾಗ ಅವನ ಪಕ್ಕದಲ್ಲಿ ಕೋವಿ ಹಿಡಿದು ನಿಂತವರು ಪೋರ್ಚುಗೀಸರು. ಆ ಮುತ್ತಿಗೆಯ ಒಂದು ವಿವರ ಪೋರ್ಚುಗೀಸ ನೂನಿಜ್ ಬರೆದಿಟ್ಟಿದ್ದಾನೆ. ಕೋಟೆಯ ಗೋಡೆ ಒಡೆಯಲು ಬಡ ಸೈನಿಕರನ್ನು ಗುದ್ದಲಿ, ಹಾರೆ ಕೊಟ್ಟು ಕಳಿಸಿದರು. ಮೇಲಿಂದ ಬಾಣ, ಗುಂಡು, ಕಲ್ಲಿನ ಮಳೆ. ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ದಂಡನಾಯಕರು ಅದರ ಗಾತ್ರ ನೋಡಿ ಹಣ ಕೊಟ್ಟರು. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು ಹಣ. ಹೀಗೆ ಗೋಡೆ ಬಿಚ್ಚಿತು, ಹೊರುವವರೂ ಬಹಳ ಮಂದಿ ಸತ್ತರು. ಕಲ್ಲಿಗೆ ದರ ಇತ್ತು, ಗೆಳೆಯರೇ. ಕಲ್ಲು ಕೀಳುವವನಿಗೆ ಇರಲಿಲ್ಲ. ಕೃಷ್ಣದೇವರಾಯನ ಹೆಸರಿನಲ್ಲಿ ಉತ್ಸವ ಮಾಡುವಾಗ ಈ ದರಪಟ್ಟಿಯನ್ನೂ ವೇದಿಕೆ ಮೇಲೆ ಓದಿದರೆ ಒಳ್ಳೆಯದು.

ಗಡಿಯೆಂದರೆ ದೊರೆಯ ಗಡಿ ಒಂದೇ ಅಲ್ಲ. ಊರಿಗೂ ಗಡಿ ಇದೆ. ಮೈಸೂರು ಸೀಮೆಯಲ್ಲಿ ಊರ ಗಡಿಯ ಜಗಳ ಬಂದಾಗ ಹೊಲೆಯರ ಕುಳವಾಡಿಯನ್ನು ಕರೆಸಿ, ತಲೆಯ ಮೇಲೆ ಊರ ಮಣ್ಣಿನ ಉಂಡೆ ಹೊರಿಸಿ ಗಡಿ ನಡೆಸುತ್ತಿದ್ದರೆಂದು 19ನೇ ಶತಮಾನದ ಇಂಗ್ಲಿಷ್ ಅಧಿಕಾರಿಗಳು ಬರೆದಿದ್ದಾರೆ. ದಾರಿ ತಪ್ಪಿದರೆ ಉಂಡೆ ತಾನಾಗಿ ಒಡೆಯುತ್ತದೆ, ಅವನೂ ಸಾಯುತ್ತಾನೆ ಎಂಬ ನಂಬಿಕೆ. ಅಂದರೆ ನೆಲದ ಗುರುತು ಪೂರ್ತಿ ಬಲ್ಲವನು ಅವನೇ ಎಂದು ಊರು ಒಪ್ಪಿತ್ತು. ಆ ಗಡಿಯೊಳಗೆ ಅವನಿಗೆ ಎಷ್ಟು ನೆಲ ಇತ್ತು ಎಂದು ಕೇಳಿದರೆ ಮಾತ್ರ ಊರಿಗೆ ಕಿವುಡು.

ನಿಜಾಮನ ಕಾಲಕ್ಕೆ ಬರೋಣ. 1800ರಲ್ಲಿ ನಿಜಾಮ ಬಳ್ಳಾರಿ ಮೊದಲಾದ ಸೀಮೆಗಳನ್ನು ಕಂಪನಿಗೆ ಬರೆದುಕೊಟ್ಟ. ತುಂಗಭದ್ರೆಯ ಈಚೆ ನಿಜಾಮ, ಆಚೆ ಇಂಗ್ಲಿಷರ ಮದ್ರಾಸು. ಇಂಗ್ಲಿಷರು ಸಾಕಿದ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಖರ್ಚು ನಿಜಾಮನ ತಲೆಗೆ. ಸಾಲ ತೀರದೆ 1853ರಲ್ಲಿ ರಾಯಚೂರು ದೋಆಬನ್ನೇ ಅವರ ಕೈಗೆ ಒಪ್ಪಿಸಿದ, 1860ರಲ್ಲಿ ವಾಪಸ್ ಪಡೆದ. ಒತ್ತೆ ಇಟ್ಟ ಬಂಗಾರದ ಹಾಗೆ ಒಂದು ಸೀಮೆ ಹೋಗಿ ಬಂತು. ಆ ಪಡೆಯ ದಂಡು ಲಿಂಗಸುಗೂರಿನಲ್ಲೇ ಬಿಡಾರ ಮಾಡಿತ್ತು. ಲಿಂಗಸುಗೂರು ಆಗ ಜಿಲ್ಲೆಯೂ ಆಗಿತ್ತು, 1905ರಲ್ಲಿ ರಾಯಚೂರಿಗೆ ಸೇರಿಹೋಯಿತು.

1947ರ ಆಗಸ್ಟ್ 15ಕ್ಕೆ ಆಚೆ ದಂಡೆಯ ಸಿರುಗುಪ್ಪ ಸ್ವತಂತ್ರ ಭಾರತ. ಈಚೆ ದಂಡೆಯ ಸಿಂಧನೂರು ನಿಜಾಮನ ರಾಜ್ಯ, ಭಾರತಕ್ಕೆ ಸೇರಿಲ್ಲ. ಹದಿಮೂರು ತಿಂಗಳು ತುಂಗಭದ್ರೆ ಎರಡು ದೇಶಗಳ ಗಡಿಯಾಗಿತ್ತು. ಅಶೋಕನ ಒಂದೇ ಶಾಸನದ ಒಂದು ಪ್ರತಿ ಮಸ್ಕಿಯಲ್ಲಿ, ಇನ್ನೊಂದು ನಿಟ್ಟೂರಲ್ಲಿ. ನಡುವೆ ರಜಾಕಾರರು, ಪೊಲೀಸರು, ಸುಂಕದ ಕಟ್ಟೆ. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟದ ಶಿಬಿರಗಳು ನಡೆದವು. ಅವುಗಳ ಚರಿತ್ರೆ ಬಹಳ ಬರೆದಾಗಿದೆ. ಕೇರಿಯ ಮಂದಿ ಆಗ ಯಾವ ಇಕ್ಕಟ್ಟಿನಲ್ಲಿದ್ದರು ಎಂಬುದನ್ನು ಬರೆದವರು ಕಡಿಮೆ. ಹೈದರಾಬಾದಿನ ದಲಿತ ನಾಯಕ ಬಿ.ಎಸ್. ವೆಂಕಟರಾವ್ ನಿಜಾಮನ ಸರ್ಕಾರದಲ್ಲಿ ಮಂತ್ರಿಯಾದರು. ಬಿ. ಶ್ಯಾಮಸುಂದರ್ 1948ರಲ್ಲಿ ನಿಜಾಮನ ನಿಯೋಗದಲ್ಲಿ ವಿಶ್ವಸಂಸ್ಥೆಗೆ ಹೋದರು. ಅದೇ ಶ್ಯಾಮಸುಂದರ್ 1968ರಲ್ಲಿ ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿದವರು. ಇತ್ತ ಬಾಬಾಸಾಹೇಬರು 1947ರ ನವೆಂಬರಿನಲ್ಲಿ ಪತ್ರಿಕಾ ಹೇಳಿಕೆ ಕೊಟ್ಟು, ಹೈದರಾಬಾದಿನ ಪರಿಶಿಷ್ಟರು ನಿಜಾಮನ ಪಕ್ಷ ವಹಿಸಬಾರದು ಎಂದು ಸ್ಪಷ್ಟವಾಗಿ ಹೇಳಿದರು. ಬಾಬಾಸಾಹೇಬರ ಮಾತೇ ಸರಿ ಎಂಬುದು ನಮ್ಮ ನಿಲುವು. ಆದರೆ ಇನ್ನೊಂದು ಕಡೆ ನಿಂತವರನ್ನು ದ್ರೋಹಿ ಎಂದು ಒಂದೇ ಏಟಿಗೆ ಬದಿಗೆ ತಳ್ಳುವವರು, ಈಚೆ ದಂಡೆಯ ಬಿಟ್ಟಿ ಚಾಕರಿಗೂ ಆಚೆ ದಂಡೆಯ ಬಿಟ್ಟಿ ಚಾಕರಿಗೂ ಏನು ಫರಕು ಇತ್ತು ಎಂದು ಮೊದಲು ತೋರಿಸಲಿ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ನಿಜಾಮ ರಾಜ್ಯದ ಹಳ್ಳಿಗಳಲ್ಲಿ ಸತ್ತ ಮುಸಲ್ಮಾನರ ಸಂಖ್ಯೆ 27 ಸಾವಿರದಿಂದ 40 ಸಾವಿರ ಎಂದು ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ದಶಕಗಳ ಕಾಲ ಆ ವರದಿ ಹೊರಗೆ ಬರಲಿಲ್ಲ. ಗಡಿ ಅಳಿಸುವಾಗಲೂ ನೆತ್ತರು ಬಿದ್ದಿದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಮಂದಿಯ ಜೊತೆ ಬುದ್ಧನ ದಾರಿ ಹಿಡಿದರು. ಹದಿನೆಂಟು ದಿನಗಳಾದ ಮೇಲೆ, ನವೆಂಬರ್ 1ಕ್ಕೆ, ತುಂಗಭದ್ರೆಯ ಎರಡೂ ದಂಡೆ ಒಂದೇ ರಾಜ್ಯವಾದವು. ಮೊದಲನೆಯ ಸುದ್ದಿ ಮಸ್ಕಿಯ ಗುಡ್ಡಕ್ಕೆ ಎರಡನೆಯದಕ್ಕಿಂತ ಹತ್ತಿರದ್ದು. ಏಕೀಕರಣದ ಹಬ್ಬದಲ್ಲಿ ಇದನ್ನು ಯಾರೂ ನೆನೆಯುವುದಿಲ್ಲ.

ತುಂಗಭದ್ರಾ ಅಣೆಕಟ್ಟಿನದು ಇದೇ ಗಡಿಯ ಕತೆ. 1945ರ ಫೆಬ್ರವರಿಯಲ್ಲಿ ಎಡದಂಡೆಯಲ್ಲಿ ಹೈದರಾಬಾದಿನ ರಾಜಕುಮಾರ, ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಅಡಿಗಲ್ಲು ಹಾಕಿದರು. ಒಂದು ಕಟ್ಟೆ, ಎರಡು ಅಡಿಗಲ್ಲು! 1953ರಿಂದ ನೀರು ಹರಿಯಿತು. ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನಲ್ಲಿ ಜೋಳದ ಹೊಲ ಭತ್ತದ ಗದ್ದೆಯಾಯಿತು. ಆಂಧ್ರದಿಂದ ಬಂದವರು ನೆಲ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ನಾಟಿಗೆ, ಕೊಯ್ಲಿಗೆ ಕೈ ಬೇಕಲ್ಲ, ಅದು ಕೇರಿಯಿಂದ ಹೋಯಿತು. ಮಳೆ ಇಲ್ಲದ ವರ್ಷ ಅದೇ ಕೈ ಬೆಂಗಳೂರಿನ ಕಟ್ಟಡಗಳಿಗೆ ಹೋಯಿತು. ಇತ್ತ 2018ರಲ್ಲಿ ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲೂಕುಗಳ ಊರುಗಳನ್ನು ಕಿತ್ತು ಮಸ್ಕಿಯನ್ನೇ ತಾಲೂಕು ಮಾಡಿದರು. ಗುಡ್ಡದ ಸುತ್ತ ಮತ್ತೊಂದು ಗೆರೆ.

ಸಿಂಧನೂರಿನ ಹತ್ತಿರ ಇನ್ನೊಂದು ಬಗೆಯ ಕ್ಯಾಂಪುಗಳಿವೆ. ಆರ್.ಎಚ್. ಕ್ಯಾಂಪು ಎಂದು ನಂಬರ್ ಹಾಕಿ ಕರೆಯುತ್ತಾರೆ. ಪೂರ್ವ ಪಾಕಿಸ್ತಾನದ ಗಡಿ ದಾಟಿ ಬಂದ ಬಂಗಾಳಿ ನಿರಾಶ್ರಿತರನ್ನು 1970ರ ಸುಮಾರಿಗೆ ಸರ್ಕಾರ ಇಲ್ಲಿಗೆ ತಂದು ಇಳಿಸಿತು. ಬಹಳ ಮಂದಿ ನಾಮಶೂದ್ರರು. 1946ರಲ್ಲಿ ಬಾಬಾಸಾಹೇಬರನ್ನು ಬಂಗಾಳದಿಂದ ಸಂವಿಧಾನ ಸಭೆಗೆ ಆರಿಸಿ ಕಳಿಸಿದ ಹೋರಾಟದ ಮುಂದಾಳು ಜೋಗೇಂದ್ರನಾಥ ಮಂಡಲ್ ಇದೇ ಸಮುದಾಯದವರು. ಈ ಮಂದಿ ಈಗ ಕನ್ನಡ ಮಾತಾಡುತ್ತಾರೆ, ಭತ್ತ ಬೆಳೆಯುತ್ತಾರೆ, ದುರ್ಗಾಪೂಜೆ ಮಾಡುತ್ತಾರೆ. ಪಶ್ಚಿಮ ಬಂಗಾಳದ ಪಟ್ಟಿಯಲ್ಲಿ ನಾಮಶೂದ್ರರು ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲವೆಂದು ದಶಕಗಟ್ಟಲೆ ಇವರ ಮಕ್ಕಳಿಗೆ ಆ ಜಾತಿಯ ಪ್ರಮಾಣಪತ್ರ ಸಿಗಲಿಲ್ಲ. ಪೌರತ್ವದ ಕಾಗದಕ್ಕಾಗಿಯೂ ಹಲವರು ವರ್ಷಗಟ್ಟಲೆ ಅಲೆದರು. ಅಪ್ಪ ಹೊಳೆ ದಾಟಿ ಬಂದ, ಮಗ ಅರ್ಜಿ ಬರೆದ, ಮೊಮ್ಮಗನ ಅರ್ಜಿಯೂ ಕಚೇರಿಯ ಅದೇ ಕಟ್ಟಿನೊಳಗೆ ಸೇರಿತು.